ಹಳೇ ನಳಿಗೆ

ಎಲೆಕ್ಷನ್ ಮುಗಿದ ಹದಿನೈದು ದಿನಕ್ಕೆ
ಬಸವನಹಳ್ಳಿಯ ನನ್ನ ಹಿತ್ತಲ ಕೋಣೆಗೆ
ಟಿಫಿನ್ ಕ್ಯಾರಿಯರ್ ಚೀಲದಲ್ಲಿಟ್ಟು ತಂದರು
ಜೆಸಿಂತಾ ಟೀಚರು ತಮ್ಮ ಪಿಸ್ತೂಲು.
ಠಾಣೆಯ ಬೀರುವಿನಲ್ಲಿ ಮೂರು ತಿಂಗಳು
ಯಾರಯಾರದೋ ಜೋಡುನಳಿಗೆ ಕೋವಿಗಳ ಕಾಲಡಿ ಮಲಗಿ
ಗಂಟಲೊಳಗೆಲ್ಲ ತುಕ್ಕು.
"ಉಜ್ಜಿದರೆ ಹೋಗುತ್ತಾ, ಆಚಾರ್ರೇ?"
ಕಡ್ಡಿಗೆ ಬಟ್ಟೆ ಸುತ್ತಿ ಎಳೆದೆ.
ಕಾಫಿ ಸೋಸಿದ ಬಟ್ಟೆಯಂತೆ ಹೊರಬಂತು.
ಹೋಗುವುದಿಲ್ಲ.

ಹಗಲು ನಾನು ಪಿಕಾರ್ಡ್ ಬ್ಯಾಂಕಿನ ಗುಮಾಸ್ತ.
ಕೋವಿ ರಿಪೇರಿಯ ಲೈಸೆನ್ಸು ಅಪ್ಪನಿಂದ ಬಂದದ್ದು.
ವರ್ಷಕ್ಕೆ ನಾಲ್ಕು ಕೆಲಸ ಬಂದರೆ ಹೆಚ್ಚು.
"ಅದರ ಫೀಸಿನಷ್ಟಾದರೂ ಹುಟ್ಟುತ್ತಾ?" ಅನ್ನುತ್ತಾಳೆ ಇವಳು.
ಇಲ್ಲ ಕಣೇ. ಕೆಲವರು ಇಸ್ಪೀಟು ಆಡುತ್ತಾರೆ.

ಹೊಸ ನಳಿಗೆ ಬಂತು,
ತನಗಿಂತ ಭಾರದ ಕಾಗದಪತ್ರದ ಜೊತೆ.
ಹಳೆಯದು ಬಿಡಲೊಲ್ಲದು.
ಒಂದು ಅಡ್ಡಪಿನ್ನು, ಅಕ್ಕಿಕಾಳಿನಷ್ಟು ದಪ್ಪ,
ಮೂರು ರಾತ್ರಿ ಎಣ್ಣೆ ಕುಡಿಯಿತು.
ನಾಲ್ಕನೆಯ ರಾತ್ರಿ ಹಿತ್ತಾಳೆ ಸುತ್ತಿಗೆ ಎತ್ತಿದಾಗ
ಅಪ್ಪನ ಮಾತು: "ಹೊಡೀಬೇಡ. ಕೇಳು."
ಅವನ ಎಡಗಿವಿ ಪೂರ್ತಿ ಕಿವುಡು.
ಬಲಗಿವಿಯೊಂದರಲ್ಲೇ
ಕಬ್ಬಿಣ ಮನಸ್ಸು ಬದಲಿಸುವುದನ್ನು ಕೇಳುತ್ತಿದ್ದ.

ಇದರ ಮೊಳೆ ತೋಟಾದ ನಡುವಿಗೆ ಬಡಿಯುವುದಿಲ್ಲ,
ಅಂಚಿಗೆ. ಕಿಡಿಯ ಮದ್ದು ಇರುವುದೂ ಅಲ್ಲೇ.
ಅಪ್ಪನೂ ಯಾವ ಮಾತನ್ನೂ ನಡುವಿಗೆ ಹೊಡೆದವನಲ್ಲ.
ನಾನು ಬ್ಯಾಂಕಿಗೆ ಸೇರಿದ ದಿನ
ತನ್ನ ಸಣ್ಣ ಅರವನ್ನು ಕೈಗಿಟ್ಟು ಅಂದ:
"ತುಕ್ಕು ಹಿಡಿಸಬೇಡ."
ಅಷ್ಟೇ. ಇಪ್ಪತ್ತೆರಡು ವರ್ಷವಾಯಿತು,
ಸದ್ದು ಇನ್ನೂ ಅಡಗಿಲ್ಲ.

ಹೊಸದು ಕೂತಿತು.
ಎರಡು ಸಲ ಅರ, ಒಂದು ಸಲ ಉಸಿರು.
ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ನೋಡಿದೆ:
ಆರು ಎಳೆ ಬೆಳಕು ಹಗ್ಗದಂತೆ ಹುರಿಗೊಂಡು
ದೂರದಲ್ಲೆಲ್ಲೋ ಒಂದು ಬಿಂದು.

ಭಾನುವಾರ ಕ್ಲಬ್ಬಿನ ಮಣ್ಣುದಿಬ್ಬದೆದುರು ಟೀಚರು
ಐದು ಹೊಡೆದರು. ಐದೂ ಎಡಕ್ಕೆ,
ಒಂದು ರೂಪಾಯಿ ನಾಣ್ಯದೊಳಗೆ.
"ಸೈಟು ಸರಿಸಿಕೊಡಲೇ?"
"ಇರಲಿ ಆಚಾರ್ರೇ. ನಾಲ್ಕು ದಿನ ನೋಡೋಣ
ಅದರ ತಪ್ಪೋ ನನ್ನದೋ."
ಈವರೆಗೆ ಒಂದು ಗುಂಡೂ ಹಾರಿಸದ ನಾನು
ತಜ್ಞನಂತೆ ತಲೆಯಾಡಿಸಿದೆ.

ಸೋಮವಾರ ಠಾಣೆಯಲ್ಲಿ ಹಳೇ ನಳಿಗೆಯನ್ನು
ದಫೇದಾರರ ಕಣ್ಣೆದುರೇ ಕೊಯ್ದೆ.
ಅವರು ಬರೆದುಕೊಂಡರು: ಕಬ್ಬಿಣ, ಮೂರು ತುಂಡು.
ಸಹಿ ಹಾಕಿ ಬ್ಯಾಂಕಿಗೆ ಹೋದೆ.
ಮಧ್ಯಾಹ್ನದವರೆಗೂ ಲೆಡ್ಜರಿನ ಹಾಳೆ
ತಿರುವಿದಲ್ಲೆಲ್ಲ, ಅಂಚಿನಲ್ಲಿ,
ಒಂದೊಂದು ಕೆಂಪು ಬೆರಳು.