ಇಪ್ಪತ್ತಾರು ಅಂಗಿ

ಚುನಾವಣೆ ಮುಗಿದ ಮೂರನೇ ದಿನಕ್ಕೇ
ನಮ್ಮ ಹೋಟೆಲು ತುಂಬಿತು.
ಹೊನಿಯಾರಾದಲ್ಲಿ ಮಕ್ಕಳಿಗೂ ಗೊತ್ತು ಇದರ ಹೆಸರು: ಕ್ಯಾಂಪು.
ಗೆದ್ದವರು ಗೆದ್ದವರನ್ನೇ ಕಾಯುವ ಜಾಗ.
ಕಡಲ ಪಕ್ಕದ ಹೋಟೆಲಲ್ಲಿ ಇವರು,
ಗುಡ್ಡದ ಮೇಲಿನದರಲ್ಲಿ ಅವರು,
ಎರಡೂ ಗೇಟಿಗೆ ಒಬ್ಬೊಬ್ಬ ಕಾವಲಿನವ:
ಒಳಬಂದವರಿಗೆ ಸಲಾಮು,
ಹೊರಟವರಿಗೆ ಪ್ರಶ್ನೆ.

ನಾನು ಡೋರ್ಕಾಸ್ ತೆಯೋಲಿ,
ಹಿಂದುಗಡೆ ಬಟ್ಟೆ ಒಗೆಯುವವಳು.
ಪತ್ರಿಕೆಯವರು ಮುಂಬಾಗಿಲಲ್ಲಿ ತಲೆ ಎಣಿಸಿದರು,
ನಾನು ಹಗ್ಗದ ಮೇಲೆ ಅಂಗಿ ಎಣಿಸಿದೆ.
ಐವತ್ತು ಕುರ್ಚಿಯ ಸಂಸತ್ತು, ಬೇಕಾದದ್ದು ಇಪ್ಪತ್ತಾರು.
ಸೋಮವಾರ ಇಪ್ಪತ್ತಮೂರಿದ್ದವು.
ಮಂಗಳವಾರ ಇಪ್ಪತ್ತೆರಡು;
ಒಂದು ಇನ್ನೂ ಒದ್ದೆಯಿದ್ದಾಗಲೇ ಎದ್ದು ಹೋಗಿತ್ತು,
ಎರಡು ಕ್ಲಿಪ್ಪು ಬರೀ ಹಗ್ಗ ಕಚ್ಚಿಕೊಂಡಿದ್ದವು.

ಬುಧವಾರ ಬುಟ್ಟಿಯಲ್ಲಿ ನಾಲ್ಕು ಹೊಸವು.
ಕಾಲರಿನ ಒಳಗೆ ಹಸಿರು ದಾರದ ಗುರುತು,
ಗುಡ್ಡದ ಮೇಲಿನ ನನ್ನ ನಾದಿನಿ ಪ್ರಿಸಿಲಾಳ ಕೈ.
ಅವಳ ಹೊಲಿಗೆ ಬಿಚ್ಚಿ ನನ್ನ ಕೆಂಪು ದಾರ ಹಾಕಿದೆ.
ರೇಡಿಯೊ ಇನ್ನೂ
ಯಾರಿಗೂ ಬಹುಮತವಿಲ್ಲ ಅನ್ನುತ್ತಿತ್ತು.

ಜೇಬುಗಳಲ್ಲಿ ಸುಣ್ಣದ ಪುಡಿ, ಫೋನಿನ ಕಾರ್ಡು,
ಒಂದರಲ್ಲಿ ಮಡಿಸಿದ ಚೀಟಿ:
ಮೀನುಗಾರಿಕೆ ಎಂದು ಬರೆದು ಹೊಡೆದು ಹಾಕಿ
ಕೆಳಗೆ ಅರಣ್ಯ, ಎರಡು ಗೆರೆ ಎಳೆದು.
ನೋಡದೆ ನೀರಿಗೆ ಹಾಕಿದ್ದೆ.
ಕಾಡೂ ಮೀನೂ ಒಂದೇ ನೊರೆಯಲ್ಲಿ ಕರಗಿದವು.

ದೊಡ್ಡವರು ಇಬ್ಬರು, ಕುರ್ಚಿ ಒಂದು.
ನೀನಲ್ಲ, ನೀನೂ ಅಲ್ಲ ಅನ್ನುತ್ತ ಬೆಳಗಾಯಿತು,
ಕೊನೆಗೆ ಹದಿನಾಲ್ಕನೇ ಕೋಣೆಯ ಬಾಗಿಲು ತಟ್ಟಿದರು.
ಅಲ್ಲಿದ್ದವನು ಎನೋಕ್ ಬಾತೆಬೇಯಿ, ಆಉಕಿಯ ಮೇಷ್ಟ್ರು,
ಯಾರೂ ಹೆದರದ ಮನುಷ್ಯ.
ಅದೇ ಅವನ ಅರ್ಹತೆ.

ಆ ರಾತ್ರಿ ಅಂಗಿ ಕೈಯಲ್ಲಿ ಹಿಡಿದು ತಾನೇ ಬಂದ.
ತಂಗಿ, ಒಂದು ಗುಂಡಿ ಬಿದ್ದಿದೆ.
ಹೊಂದುವಂಥದ್ದು ಇರಲಿಲ್ಲ, ನನ್ನ ರವಿಕೆಯದೇ ಕಿತ್ತು ಹಾಕಿದೆ,
ಬಿಳುಪಿನಲ್ಲಿ ಒಂದು ಚೂರು ಬೇರೆ.
ಗುಪ್ತ ಮತ, ಇಪ್ಪತ್ತಾರಕ್ಕೆ ಇಪ್ಪತ್ತನಾಲ್ಕು.
ಮರುದಿನ ಪತ್ರಿಕೆಯಲ್ಲಿ ಪ್ರಧಾನಿಯ ಫೋಟೊ.
ನಾನು ನೋಡಿದ್ದು ಮೇಲಿಂದ ಮೂರನೇ ಗುಂಡಿ.

ಕ್ಯಾಂಪು ಖಾಲಿಯಾಯಿತು. ಬಿಲ್ಲು ಮಾತ್ರ
ಹನ್ನೊಂದು ತಿಂಗಳು ಮ್ಯಾನೇಜರನ ಪುಸ್ತಕದಲ್ಲೇ ಮಲಗಿತು.
ನನ್ನ ಬೆರಳಿನ ನೇರಳೆ ಶಾಯಿಯೋ
ಸೋಪಿನ ನೀರಿಗೆ ಒಂಬತ್ತೇ ದಿನಕ್ಕೆ ಹೋಗಿತ್ತು,
ಅವನ ಹೆಸರು ಕೇಳುವ ಮೊದಲೇ.
ನಾನು ನಾಲ್ಕು ವರ್ಷಕ್ಕೊಮ್ಮೆ ಒತ್ತುತ್ತೇನೆ;
ಅವರು ರಾತ್ರಿಗೊಮ್ಮೆ ಮಗ್ಗುಲು ಬದಲಿಸುತ್ತಾರೆ.

ಹದಿನಾಲ್ಕು ತಿಂಗಳಾದ ಮೇಲೆ ಅವಿಶ್ವಾಸದ ನೋಟಿಸು.
ಚರ್ಚೆಗೆ ಏಳು ದಿನ.
ಮೊದಲ ದಿನ ಒಬ್ಬ ಮಂತ್ರಿ ಹೊರಟ, ಆರೋಗ್ಯ ಸರಿಯಿಲ್ಲವೆಂದು.
ಅವನು ಆರೋಗ್ಯ ಮಂತ್ರಿ.
ಮೂರನೇ ದಿನ ಪ್ರಿಸಿಲಾಳ ಫೋನು:
ನಿನ್ನ ಕೆಂಪು ದಾರದವು ಹನ್ನೊಂದು ಬಂದಿವೆಯಲ್ಲೇ,
ಬಿಚ್ಚಲೋ ಬೇಡವೋ?
ಬಿಡು, ಮತ್ತೆ ಇಳಿದು ಬರುತ್ತವೆ, ಅಂದೆ.
ಇಬ್ಬರೂ ನಕ್ಕೆವು.
ಆಮೇಲೆ ಯಾಕೋ ಅವಳು ಫೋನಿಡಲಿಲ್ಲ, ನಾನೂ ಇಡಲಿಲ್ಲ.

ಬೀಳಿಸಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲವಂತೆ.
ಬಾವುಟದ ಕಾರು ಸಂಜೆಗೇ ವಾಪಸು ಹೋಯಿತು.

ಶನಿವಾರ ಅವನು ಹಿತ್ತಿಲಿಗೆ ಬಂದ,
ಪ್ಲಾಸ್ಟಿಕ್ ಚೀಲದಲ್ಲಿ ಅದೇ ಅಂಗಿ,
ಒಗೆಯುವ ಕೂಲಿ ಎಣಿಸಿ ಮೊದಲೇ ಕೊಟ್ಟ.
ಎಲ್ಲ ಗುಂಡಿಯೂ ಇದ್ದವು.
ಏನು ಹೇಳುವುದೋ ತಿಳಿಯದೆ ಕೇಳಿಬಿಟ್ಟೆ:
ನಮ್ಮೂರ ಸೇತುವೆ ಏನಾಯಿತು ಮೇಷ್ಟ್ರೇ?
ಸಹಿ ಮಾಡಿದ್ದೇನೆ. ಕಡತ ಮೇಜಿನ ಮೇಲಿದೆ.
ಯಾರ ಮೇಜು?

ಅವನು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.
ಸಾವೊ ದ್ವೀಪದ ಮೇಲೆ ಮೋಡ ಕಟ್ಟಿತ್ತು.
ಮಳೆ ಬರುತ್ತೆ, ಅಂದ;
ಹಗ್ಗದ ಆ ತುದಿಯಿಂದ ಅವನು,
ಈ ತುದಿಯಿಂದ ನಾನು
ಬೇರೆಯವರ ಅಂಗಿಗಳನ್ನು ಎಳೆಯತೊಡಗಿದೆವು.