ಉ

ಒಂದೇ ಅಕ್ಷರ.
ಜಪಾನಿನಿಂದ ಹಕ್ಕಿ ಎಣಿಸಲು ಬಂದ ಚಿಹಾರು
ಮಂಡಗದ್ದೆಯ ಅಟ್ಟಣಿಗೆಯ ಮೇಲೆ ನಿಂತು
ದುರ್ಬೀನು ಕೆಳಗಿಳಿಸಿ ಹೇಳಿದಳು: 'ಉ'.
ಮುಂದೇನೋ ಇದೆ ಎಂದು ಕಾದೆ.
ಇರಲಿಲ್ಲ.

ನಡುಗಡ್ಡೆಯ ಮರದಲ್ಲಿ ನೀರುಕಾಗೆ
ರೆಕ್ಕೆ ಬಿಚ್ಚಿ ಕೂತಿತ್ತು,
ಒದ್ದೆ ಕರಿಕೋಟು ತೊಟ್ಟೇ ಬಿಸಿಲಿಗೆ ನಿಂತ
ತೀರ್ಥಹಳ್ಳಿಯ ವಕೀಲರ ಹಾಗೆ.

ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ
ಉ ಅಂದರೆ ಉಂಗುರ ಎಂದು ಹೇಳಿಕೊಟ್ಟವಳು ನಾನು.
ಅವಳ ಊರಿನ ಹೊಳೆಯಲ್ಲಿ, ರಾತ್ರಿ,
ದೋಣಿಯ ಮೂತಿಗೆ ಬೆಂಕಿಬುಟ್ಟಿ ತೂಗಿಬಿಟ್ಟು
ಈ ಹಕ್ಕಿಯ ಕೊರಳಿಗೆ ದಾರದ ಉಂಗುರ ತೊಡಿಸಿ
ನೀರಿಗಿಳಿಸುತ್ತಾರಂತೆ.
ಸಣ್ಣ ಮೀನು ಹೊಟ್ಟೆಗೆ ಜಾರುತ್ತದೆ.
ದೊಡ್ಡದು ಗಂಟಲಲ್ಲೇ ನಿಲ್ಲುತ್ತದೆ,
ಹಗ್ಗ ಎಳೆದು ಉಗುಳಿಸುತ್ತಾರೆ.
ಉಣ್ಣುವುದಕ್ಕೂ ಉಗುಳುವುದಕ್ಕೂ
ನಮ್ಮಲ್ಲೂ ಅದೇ ಅಕ್ಷರ ಮೊದಲು:
ಹೇಳಬೇಕೆಂದುಕೊಂಡೆ, ಇಂಗ್ಲಿಷು ಸಾಲಲಿಲ್ಲ.

ಅಗಿಯದೆ ನುಂಗಿದ ಮಾತಿಗೆ ಅವರು
'ಉ ನುಂಗಿದ ಹಾಗೆ' ಅನ್ನುತ್ತಾರಂತೆ.
ನಾನು ಪಿಯುಸಿ ಇತಿಹಾಸ ಪಾಸಾದದ್ದು ಹಾಗೇ.
ಉ ಮಾಡಿದ್ದನ್ನು ಮಾಡಹೋದ ಕಾಗೆ ಮುಳುಗಿತು
ಎಂಬ ಗಾದೆಯೂ ಇದೆಯಂತೆ.
ತಡಿ, ಅಂದೆ, ಕನ್ನಡದಲ್ಲೇ.
ಮಿಕ್ಕದ್ದು ಕೈಸನ್ನೆಯಲ್ಲಿ:
ನಮ್ಮಲ್ಲಿ, ಮುಳುಗಿಯೂ ಎದ್ದುಬಂದ ಕಾಗೆಗೇ
ಈ ಹೆಸರು.
ಬರೆದುಕೊಂಡಳು.

ತೆಪ್ಪದಲ್ಲಿ ಬೀಡಿ ಕಚ್ಚಿ ಕೂತಿದ್ದ ಬಾಗಣ್ಣ
ಅಷ್ಟು ಹೊತ್ತೂ ಕೇಳಿಸಿಕೊಂಡು ಒಂದೇ ಕೇಳಿದ:
'ದಾರ ಎಷ್ಟು ಬಿಗಿ ಇರ್ಬೇಕು ಅಂತ ಯಾರ್ ಹೇಳೋದು?'
ಅವಳು ತೋರುಬೆರಳು ಎತ್ತಿದಳು.
ಸಾಕಿದವನ ಬೆರಳಿಗೆ ಗೊತ್ತಿರುತ್ತದಂತೆ,
ದಿನಾ ಬೆಳಿಗ್ಗೆ ಒಂದೊಂದರ ಕೊರಳೂ
ಸವರಿ ನೋಡುತ್ತಾನಂತೆ.

ಬಾಗಣ್ಣ ನಕ್ಕ.
ಗಾಜನೂರು ಹಿನ್ನೀರಿನ ಟೆಂಡರು ಹಿಡಿದವನು
ಶಿವಮೊಗ್ಗದಲ್ಲಿರುತ್ತಾನೆ, ಫೋನಿನಲ್ಲಿ ಮಾತಾಡುತ್ತಾನೆ.
ಕಾಟ್ಲ, ರೋಹು ಅವನ ಐಸುಪೆಟ್ಟಿಗೆಗೆ.
ಬೆರಳುದ್ದದ್ದು ಇವನ ಮನೆಯ ಸಾರಿಗೆ.
'ಸವರಿ ನೋಡ್ತಾನಾ!' ಎಂದು ಇನ್ನೊಮ್ಮೆ ಅಂದು
ಹುಟ್ಟು ಹಾಕಿದ.

ಮರುದಿನ ಹಲಗೆಯ ಮೇಲೆ ಉ ಬರೆದೆ.
ಉಂಗುರ ಬಿಡಿಸಲು ಕೈ ಬರಲಿಲ್ಲ.
ಹಕ್ಕಿ ಬಿಡಿಸಿದೆ, ಬರಿಗೊರಳಿನದು.
'ಟೀಚರ್, ಅದು ಕಾಗೆ. ಕ!'
ಎಂದು ಕೂಗಿದಳು ಬಾಗಣ್ಣನ ಮೊಮ್ಮಗಳು ಮಾಲಿಂಗಿ.
ಹೌದಲ್ಲ.
ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತೆ.
ಆಮೇಲೆ ಹಕ್ಕಿಯ ಕೆಳಗೆ
ನೀರು ಗೀಚಿದೆ.