ದೋಣಿ ಎಂಬ ಊರಿನಲ್ಲಿ

ಈ ಊರಿನ ಹೆಸರಿಗೆ ದೋಣಿ ಎಂದರ್ಥ.
ಕಡಲು ಮುನ್ನೂರು ಕಿಲೋಮೀಟರಿನಾಚೆ.
ಇದ್ದ ಹೊಳೆಗಳನ್ನೂ ನೂಲಿನ ಗಿರಣಿಗಳ ಕಾಲದಲ್ಲೇ
ನೆಲದಡಿಯ ಕೊಳವೆಗೆ ತುರುಕಿಬಿಟ್ಟರು.
ವೂಚ್‌ನಲ್ಲಿ ಕಡಲು ಬೇಕೆನಿಸಿದವರು
ಉಪ್ಪಿನ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಬೇಕು.
ಝೆನೊನ್ ಹತ್ತಿದ್ದಾನೆ, ಒಂಬತ್ತು ವರ್ಷ, ನಾಲ್ಕು ಮಹಡಿ.

ಫೋನು ಮಾಡಿದ್ದು ಹೆಂಡತಿ, ವ್ಯೆಸ್ವಾವಾ:
"ನೀರು ಬೆಳ್ಳಗಾಗಿದೆ, ಬಂದು ನೋಡಿ.
ಅವರನ್ನು ಏನೂ ಕೇಳಬೇಡಿ."

ಮುನ್ನೂರು ಲೀಟರಿನ ಗಾಜಿನೊಳಗೆ
ಅಕ್ಕಚ್ಚು.
ಹವಳಗಳು ಮುಷ್ಟಿ ಬಿಗಿದು ಕೂತಿದ್ದವು.
ಮಂಜಿನಲ್ಲಿ ಬರುವ ಟ್ರಾಮಿನ ದೀಪದ ಹಾಗೆ
ಕೋಡಂಗಿ ಮೀನೊಂದು ಹತ್ತಿರವಾಗಿ, ಮತ್ತೆ ಇಲ್ಲವಾಯಿತು.
ಮೇಲೆ ಆರಿದ ಹಾಲಿನ ಕೆನೆಯಂಥ ಪೊರೆ,
ಬೆಳಕು ಓರೆಯಾದರೆ ಕಾಮನಬಿಲ್ಲು,
ಬೆರಳಿಟ್ಟರೆ ಜಿಡ್ಡು.

ಮೀನುಗಳು ಮೂತಿ ಎತ್ತಿ ಗಾಳಿ ಹುಡುಕುತ್ತಿದ್ದವು.
ಮೊದಲು ಉಸಿರು, ವಿಚಾರಣೆ ಆಮೇಲೆ.
ಪಂಪಿನ ಬಾಯಿ ಮೇಲಕ್ಕೆ ತಿರುಗಿಸಿದೆ, ನೀರಿನ ಮೈ ನಡುಗುವಂತೆ.
ಕಾಗದದ ಟವೆಲು ಬಿಡಿಸಿ ಅದರ ಮೇಲೆ ಹಾಸಿದೆ,
ಜ್ವರದ ಹಣೆಗೆ ಒದ್ದೆ ಬಟ್ಟೆ ಹಾಸುತ್ತಾರಲ್ಲ, ಹಾಗೆ.
ಎತ್ತಿದೆ. ಪೊರೆಯೂ ಜೊತೆಗೆ ಬಂತು.
ಚಹಾ ಮುಗಿಯುವಷ್ಟರಲ್ಲಿ ಮತ್ತೆ ಕಟ್ಟಿಕೊಂಡಿತು.

ಸುಣ್ಣ ಒಡೆದಿದ್ದರೆ ಪಂಪಿಗೆ ಬಿಳಿ ಹುಡಿ ಮೆತ್ತಿರಬೇಕಿತ್ತು. ಇಲ್ಲ.
ಪಾಚಿಯಾದರೆ ಹಸಿರು. ಇದು ಹಸಿರಲ್ಲ.
ಬಂಡೆಯ ಹಿಂದೆ ಸತ್ತ ಬಸವನಹುಳು?
ಭುಜದವರೆಗೆ ಕೈ ಇಳಿಸಿ ತಡಕಿದೆ.
ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಗುಂಡಿ, ನೀಲಿ ಬಣ್ಣದ್ದು.
ಮೇಜಿನ ಮೇಲಿಟ್ಟೆ. ಯಾರೂ ತನ್ನದೆನ್ನಲಿಲ್ಲ.
ಅಮೋನಿಯ ಸೊನ್ನೆ. ನೈಟ್ರೇಟೂ ಸೊನ್ನೆ.
ಅಲ್ಲಿ ಅನುಮಾನ ಹುಟ್ಟಿತು.
"ವೋಡ್ಕಾ ಹಾಕ್ತೀರಾ?"

ನಗಬೇಡಿ, ನಮ್ಮ ಕಸುಬಿನ ಮದ್ದು ಅದು.
ಅಳೆದು ಹನಿಸಿದರೆ
ಕಣ್ಣಿಗೆ ಕಾಣದ ಜೀವಗಳು ಕುಡಿದು ಹುಷಾರಾಗಿ
ಮೀನಿನ ಹೊಲಸು ತಿಂದು ತೀರಿಸುತ್ತವೆ.
ಅಳತೆ ತಪ್ಪಿದರೆ ನೀರೆಲ್ಲ ಅವುಗಳದೇ ಜಾತ್ರೆ.

"ಬೆಳಿಗ್ಗೆ ಎರಡು ಮಿಲಿ," ಒಲೆಯ ಬಳಿಯಿಂದ ಅವಳು,
"ಅವರು ಮರೆತಿರ್ತಾರೆ ಅಂತ."
"ರಾತ್ರಿ ಎರಡು ಮಿಲಿ," ಗೋಡೆಗೆ ಹೇಳಿದ ಅವನು,
"ನಾನು ಯಾವತ್ತು ಮರೆತಿದ್ದೀನಿ?"
ಎಷ್ಟು ದಿನದಿಂದ?
ಹದಿನಾಲ್ಕು, ಎಂದರು ಇಬ್ಬರೂ ಒಟ್ಟಿಗೆ,
ನನ್ನ ಕಡೆ ನೋಡುತ್ತ.
ಅದು ಇನ್ನಾವುದರ ಲೆಕ್ಕವೆಂದು ನಾನು ಕೇಳಲಿಲ್ಲ.

ಪೊರೆಗೆ ಬೇರೆಯೇ ಕಾರಣ. ಮಾರು ದೂರದಲ್ಲಿ ಬಾಣಲೆ.
ಆಲೂಗಡ್ಡೆ ತುರಿದು ಕರಿಯುವ ಪ್ಲಾಟ್ಸ್ಕಿ,
ಆರಕ್ಕೆ ಅವಳ ಪಾಲಿನದು, ಎಂಟಕ್ಕೆ ಅವನದು.
ಎರಡು ಸಲ ಎದ್ದ ಎಣ್ಣೆಯ ಹೊಗೆ
ಎರಡು ಸಲವೂ ಇಳಿಯುತ್ತಿದ್ದದ್ದು ಈ ನೀರಿಗೇ.

ಚೀಟಿ ಬರೆದೆ: ವೋಡ್ಕಾ ನಿಲ್ಲಿಸಿ. ಮೇವು ಅರ್ಧ.
ನೊರೆ ಹಿಡಿಯುವ ಬಟ್ಟಲು ದಿನವೂ ತೊಳೆಯಿರಿ.
ನೀರು ಬದಲಿಸುವುದಾದರೆ ಹತ್ತರಲ್ಲೊಂದು ಪಾಲು, ಅಷ್ಟೇ.
ಉಳಿದಂತೆ ಕೈ ಹಾಕಬೇಡಿ.
ಕದಡಿದ್ದು ಯಾಕೆಂದು ತಿಳಿಯಿತು,
ತಿಳಿಯಾಗುವುದು ಬೇರೆ ಕೆಲಸ.
ಚೀಟಿ ಯಾರ ಕೈಗೆ ಕೊಡಲಿ?
ಗುಂಡಿಯ ಕೆಳಗಿಟ್ಟು ಬಂದೆ.

ಆರನೆಯ ದಿನ ಝೆನೊನ್ ಫೋನು:
"ಹಿಂದಿನ ಗಾಜು ಕಾಣ್ತಿದೆ."
ಪೊರೆ?
ಹಿಂದೆ ಎಣ್ಣೆಯ ಚುಂಯ್ ಸದ್ದು.
"ತೆಳ್ಳಗಿದೆ. ಒಲೆ ಈಗ ಒಂದೇ ಹೊತ್ತು."

ನನ್ನ ಹಣ ಮಾತ್ರ ಇನ್ನೂ ಬಂದಿಲ್ಲ.
ಅವಳು ಕೊಟ್ಟಿದ್ದಾಳೆಂದು ಅವನು,
ಅವನು ಕೊಟ್ಟಿದ್ದಾನೆಂದು ಅವಳು.